ಬಿದ್ದ ರಾಕೆಟ್ಟಿನ ಪಾಠ ನಮಗೆ ಕನ್ನಡದಲ್ಲಿ ಬೇಕು: ಇಸ್ರೋ ಅಧ್ಯಕ್ಷರಿಗೆ ಪಾಂಡವಪುರದಿಂದ ಒಂದು ಬಹಿರಂಗ ಪತ್ರ

ಇಸ್ರೋ ಅಧ್ಯಕ್ಷರಿಗೆ,
ಅಂತರಿಕ್ಷ ಭವನ, ಬೆಂಗಳೂರು.

ಮಾನ್ಯರೇ,

ಪಾಂಡವಪುರ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತೊಂಬತ್ತು ವರ್ಷ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಶಿಕ್ಷಕಿಯಾಗಿದ್ದು ನಿವೃತ್ತಳಾದವಳು ನಾನು. ಈ ಪತ್ರವನ್ನು ನಿಮ್ಮ ಕಚೇರಿಗೂ ಅಂಚೆಯಲ್ಲಿ ಕಳಿಸಿದ್ದೇನೆ. ಬಹಿರಂಗವಾಗಿ ಬರೆಯಲು ಕಾರಣ, ಇಲ್ಲಿ ಕೇಳಿರುವುದು ನನಗೊಬ್ಬಳಿಗೆ ಬೇಕಾದದ್ದಲ್ಲ. ಮಂಡ್ಯ, ಮೈಸೂರು ಕಡೆಯ ಮೇಷ್ಟ್ರುಗಳು, ಮಕ್ಕಳ ತಂದೆತಾಯಿಗಳು ಓದಿ ದನಿಗೂಡಿಸಲಿ ಎಂಬ ಆಸೆ ಇದೆ.

2023ರ ಆಗಸ್ಟ್ 23, ಬುಧವಾರ. ಶಾಲೆ ಬಿಡುವ ಹೊತ್ತು ದಾಟಿದ್ದರೂ ಒಂದು ಮಗುವೂ ಮನೆಗೆ ಹೋಗಿರಲಿಲ್ಲ. ಒಂಬತ್ತನೇ ತರಗತಿಯ ಗೋಡೆಗೆ ಬಿಳಿ ಪಂಚೆ ಕಟ್ಟಿ ಪ್ರೊಜೆಕ್ಟರ್ ಹಾಕಿದ್ದೆವು. ಸಂಜೆ ಡೈರಿಗೆ ಹಾಲು ಹಾಕುವ ಸಮಯ. ಹಾಲಿನ ಕ್ಯಾನು ಹಿಡಿದು ಹೊರಟಿದ್ದ ತಾಯಂದಿರು ದಾರಿಯಲ್ಲೇ ನಿಂತು, ಕಿಟಕಿಯ ಸರಳಿನಾಚೆಯಿಂದ ನೋಡುತ್ತಿದ್ದರು. ಪರದೆಯ ಮೇಲೆ ಹಸಿರು ಗೆರೆಯೊಂದು ಮೆಲ್ಲಗೆ ಕೆಳಗಿಳಿಯುತ್ತಿತ್ತು. 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3ರ ವಿಕ್ರಮ್ ನೌಕೆ ಚಂದ್ರನ ನೆಲ ಮುಟ್ಟಿತು. ಆ ಕೂಗಿಗೆ ಮರದ ಮೇಲಿದ್ದ ಕಾಗೆಗಳೆಲ್ಲ ಎದ್ದವು. ನಾನು ಅತ್ತೆ. ನಮ್ಮ ಹೆಡ್‌ಮಾಸ್ಟರೂ ಕಣ್ಣೊರೆಸಿಕೊಂಡರು.

ಗಲಾಟೆ ಇಳಿದ ಮೇಲೆ ಹತ್ತನೇ ತರಗತಿಯ ಒಬ್ಬ ಹುಡುಗ ಎದ್ದು ನಿಂತ. "ಮೇಡಂ, ಹೋದ್ಸಲ ಬಿದ್ದೋಗಿತ್ತಲ್ಲ, ಹಂಗಾರೆ ಇದು ಸಪ್ಲಿಮೆಂಟ್ರಿನಾ?" ಎಂದ. ಎಲ್ಲರೂ ನಕ್ಕರು. ಅವನು ನಗಲಿಲ್ಲ. "ಯಾಕ್ ಬಿತ್ತು ಅಂತ ಅವ್ರಿಗೆ ಯಾರ್ ಏಳ್ಕೊಟ್ರು ಮೇಡಂ?" ಎಂದು ಕೇಳಿದ.

ಅವನ ಅಣ್ಣನೂ ನನ್ನ ವಿದ್ಯಾರ್ಥಿಯೇ. ಚಂದ್ರಯಾನ-2 ಬಿದ್ದ 2019ರಲ್ಲೇ ಅವನು ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಫೇಲಾದ. ಪೂರಕ ಪರೀಕ್ಷೆಗೆ ಕಟ್ಟಲೇ ಇಲ್ಲ. ಆಲೆಮನೆ ಸೇರಿ ಕೊಪ್ಪರಿಗೆಯ ಒಲೆಗೆ ಕಬ್ಬಿನ ಸಿಪ್ಪೆ ಹಾಕುವ ಕೆಲಸ ಹಿಡಿದ. ತಮ್ಮ ಕೇಳಿದ ಪ್ರಶ್ನೆಯ ಹಿಂದೆ ಏನಿದೆ ಎಂದು ನನಗೆ ತಕ್ಷಣ ತಿಳಿಯಿತು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಆ ಅಣ್ಣನ ಉತ್ತರಪತ್ರಿಕೆ ತಿದ್ದಿದವಳು ನಾನೇ. ಕೆಂಪು ಶಾಯಿಯಲ್ಲಿ ಅಂಕ ಬರೆದು ಸುತ್ತು ಹಾಕಿದ್ದೆ. ಎಲ್ಲಿ ಜಾರಿದ, ಯಾಕೆ ಜಾರಿದ ಎಂದು ಒಂದು ಸಾಲೂ ಬರೆದಿರಲಿಲ್ಲ. ಅರವತ್ತು ಪತ್ರಿಕೆ, ಎರಡು ದಿನ ಗಡುವು ಎಂದು ಈಗ ಸಬೂಬು ಹೇಳಬಹುದು. ಆದರೂ ತಪ್ಪು ತಪ್ಪೇ.

ನನ್ನ ಕೋರಿಕೆ ಇಷ್ಟೇ. ಇಸ್ರೋ ಕಂಡ ಒಂದೊಂದು ಸೋಲಿನ ಕಾರಣವನ್ನೂ, ಅದನ್ನು ನಿಮ್ಮವರು ಹೇಗೆ ಹುಡುಕಿದರು, ಮುಂದಿನ ಸಲ ಏನು ಬದಲಿಸಿದರು ಎಂಬುದನ್ನೂ ಹೈಸ್ಕೂಲ್ ಮಕ್ಕಳಿಗೆ ತಿಳಿಯುವ ಕನ್ನಡದಲ್ಲಿ ಬರೆಸಿ ನಮ್ಮ ಶಾಲೆಗಳಿಗೆ ಕೊಡಿ. ನಿಮ್ಮ ಗೆಲುವಿನ ಕಥೆ ನಮ್ಮ ಮಕ್ಕಳಿಗೆ ಗೊತ್ತಿದೆ. 2014ರ ಸೆಪ್ಟೆಂಬರ್ 24ರಂದು ಮೊದಲ ಯತ್ನದಲ್ಲೇ ಮಂಗಳನ ಕಕ್ಷೆ ಸೇರಿದ್ದು, 2017ರ ಫೆಬ್ರವರಿಯಲ್ಲಿ ಒಂದೇ ರಾಕೆಟ್ಟಿನಲ್ಲಿ 104 ಉಪಗ್ರಹ ಹಾರಿಸಿದ್ದು, ಆದಿತ್ಯ-ಎಲ್1 ಸೂರ್ಯನ ಕಡೆ ಹೋಗಿ ಕೂತದ್ದು, ಇವನ್ನೆಲ್ಲ ರಸಪ್ರಶ್ನೆಗೆಂದು ಬಾಯಿಪಾಠ ಮಾಡಿದ್ದಾರೆ. ಅದರ ನಡುವಿನ ಕಥೆ ಅವರಿಗೆ ಸಿಕ್ಕಿಲ್ಲ.

ಆ ಬುಧವಾರದ ನಂತರ ಶನಿವಾರದ ಬೆಳಗಿನ ಕ್ಲಾಸಿನಲ್ಲಿ ಕೊನೆಯ ಅವಧಿಯನ್ನು ಇದಕ್ಕೇ ಇಟ್ಟೆ. ಮಕ್ಕಳೇ ಅದಕ್ಕೆ "ಬಿದ್ದ ರಾಕೆಟ್ ಪಾಠ" ಎಂದು ಹೆಸರಿಟ್ಟರು. ಮೊದಲ ದಿನ ತೆಗೆದುಕೊಂಡದ್ದು 1979ರ ಆಗಸ್ಟ್ 10ರ ಎಸ್‌ಎಲ್‌ವಿ-3. ಶ್ರೀಹರಿಕೋಟಾದಿಂದ ಮೇಲೆದ್ದ 22 ಮೀಟರ್ ಎತ್ತರದ, 17 ಟನ್ ತೂಕದ ಆ ರಾಕೆಟ್ಟು 317 ಸೆಕೆಂಡಿಗೆ ಬಂಗಾಳ ಕೊಲ್ಲಿ ಸೇರಿತು. ಅಂದು ಪತ್ರಕರ್ತರ ಮುಂದೆ ಆಗಿನ ಇಸ್ರೋ ಅಧ್ಯಕ್ಷ ಸತೀಶ್ ಧವನ್ ತಾವೇ ಕೂತರು, ಮರುವರ್ಷ ಗೆದ್ದಾಗ ಯೋಜನೆಯ ನಿರ್ದೇಶಕ ಕಲಾಂ ಅವರನ್ನು ಮುಂದೆ ಕೂರಿಸಿದರು ಎಂಬ ಕಥೆಯನ್ನು ಎಲ್ಲರೂ ಹೇಳುತ್ತಾರೆ. ದೊಡ್ಡ ಮಾತೇ ಅದು. ಆದರೆ ನಮ್ಮ ಕ್ಲಾಸಿಗೆ ಬೇಕಾಗಿದ್ದದ್ದು ಬೇರೆ: ಅದು ಬಿದ್ದದ್ದೇಕೆ?

ಎರಡನೇ ಹಂತವನ್ನು ನೆಟ್ಟಗೆ ನಡೆಸಬೇಕಿದ್ದ ನಿಯಂತ್ರಣ ವ್ಯವಸ್ಥೆಯಲ್ಲಿ ಒಂದು ಕವಾಟ ಸರಿಯಾಗಿ ಮುಚ್ಚಿಕೊಳ್ಳಲಿಲ್ಲ. ಅದರಿಂದ ನೈಟ್ರಿಕ್ ಆಮ್ಲ ಸೋರಿಹೋಯಿತು. ರಾಕೆಟ್ಟು ಮೇಲೆ ಹೋಗಿ ಎರಡನೇ ಹಂತ ಹೊತ್ತಿಕೊಂಡಾಗ ಅದನ್ನು ತಿರುಗಿಸಿ ನೇರ ಮಾಡುವ ಬಲವೇ ಇರಲಿಲ್ಲ. ಬೋರ್ಡಿನ ಮೇಲೆ ಕವಾಟದ ಚಿತ್ರ ಬರೆಯುತ್ತಿದ್ದೆ. ಹಿಂದಿನಿಂದ ಅದೇ ಹುಡುಗ, "ಇದು ಫುಟ್‌ವಾಲ್ವಿಗೆ ಕಸ ಸಿಕ್ಕಂಗೆ ಅಲ್ವಾ ಮೇಡಂ?" ಎಂದ.

ನಗರದಲ್ಲಿ ಓದುವವರಿಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ತೆರೆದ ಬಾವಿಗೆ ಇಳಿಬಿಟ್ಟ ಪೈಪಿನ ತುದಿಯಲ್ಲಿ ಫುಟ್‌ವಾಲ್ವ್ ಇರುತ್ತದೆ. ನೀರನ್ನು ಮೇಲಕ್ಕೆ ಬಿಡುತ್ತದೆ, ವಾಪಸ್ಸು ಬಾವಿಗೆ ಇಳಿಯಲು ಬಿಡುವುದಿಲ್ಲ. ಅದರ ಬಾಯಿಗೆ ಒಂದು ಹುಣಸೆ ಎಲೆಯೋ ಮರಳಿನ ಕಣವೋ ಸಿಕ್ಕಿದರೆ ಪೂರ್ತಿ ಮುಚ್ಚುವುದಿಲ್ಲ. ರಾತ್ರಿಯೆಲ್ಲ ಪೈಪಿನ ನೀರು ಹನಿಹನಿಯಾಗಿ ಇಳಿದುಹೋಗುತ್ತದೆ. ಬೆಳಗ್ಗೆ ಕರೆಂಟು ಬಂದಾಗ ಮೋಟರ್ ಓಡುತ್ತದೆ, ನೀರು ಬರುವುದಿಲ್ಲ. ಬಿಂದಿಗೆಯಲ್ಲಿ ನೀರು ತಂದು ಪೈಪಿಗೆ ತುಂಬಿಸಿ ಮತ್ತೆ ಮೋಟರ್ ಹಾಕಬೇಕು. ನಮ್ಮ ಮಕ್ಕಳು ಇದನ್ನು ಆರು ವರ್ಷಕ್ಕೇ ಕಲಿತಿರುತ್ತಾರೆ. ಶ್ರೀಹರಿಕೋಟಾದಲ್ಲಿ ರಾಕೆಟ್ಟಿನ ಕೌಂಟ್‌ಡೌನ್ ನಡೆಯುವಾಗ ಆದದ್ದು ಇದೇ ಜಾತಿಯ ತೊಂದರೆ ಎಂದು ಗೊತ್ತಾದ ಮೇಲೆ, ಅಲ್ಲಿಯವರೆಗೆ ಬೆಂಚಿನ ಮೇಲೆ ತಲೆಯಿಟ್ಟಿದ್ದವರೂ ಎದ್ದು ಕೂತರು. ಒಬ್ಬಳು ಕೇಳಿದಳು: "ಹೊರಡೋಕ್ ಮುಂಚೆ ಸೋರ್ತಿದ್ದದ್ದು ಯಾರಿಗೂ ಕಾಣ್ಲಿಲ್ವಾ?" ನನ್ನ ಇಪ್ಪತ್ತೊಂಬತ್ತು ವರ್ಷದ ಪಾಠದಲ್ಲಿ ಇಂಥ ಪ್ರಶ್ನೆ ಕೈಬೆರಳಲ್ಲಿ ಎಣಿಸುವಷ್ಟು ಬಂದಿವೆ.

1980ರ ಜುಲೈ 18ರಂದು ಅದೇ ಎಸ್‌ಎಲ್‌ವಿ-3 ರೋಹಿಣಿಯನ್ನು, 35 ಕಿಲೋ ತೂಕದ ಉಪಗ್ರಹವನ್ನು, ಕಕ್ಷೆಗೆ ಸೇರಿಸಿತು. ಆ ತಾರೀಖು ಪಠ್ಯದಲ್ಲಿದೆ. ಕವಾಟ ಇಲ್ಲ.

ಮರುವಾರ ಒಂದು ಹಳೆಯ ಎರಡು ರೂಪಾಯಿ ನೋಟನ್ನು ತೆಗೆದುಕೊಂಡು ಹೋದೆ. ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ಕಬ್ಬಿನ ಬಟವಾಡೆ ಬಂದ ದಿನ ಕೊಟ್ಟದ್ದು, ಖರ್ಚು ಮಾಡದೆ ಇಟ್ಟುಕೊಂಡಿದ್ದೆ. ಹಿಂಬದಿಯಲ್ಲಿ ಆರ್ಯಭಟ ಉಪಗ್ರಹದ ಚಿತ್ರವಿದೆ, ಅನೇಕ ಮುಖಗಳ ಒಂದು ಬುಗುರಿಯ ಹಾಗೆ. ಮಕ್ಕಳು ಒಬ್ಬರಿಂದೊಬ್ಬರು ಇಸಿದುಕೊಂಡು ನೋಡಿದರು. ಅದನ್ನು ಕಟ್ಟಿದ್ದು ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ. ತಂಡದ ಮುಂದಾಳು ನಮ್ಮ ಉಡುಪಿ ಕಡೆಯ ಅದಮಾರಿನ ಯು. ಆರ್. ರಾವ್. 1975ರ ಏಪ್ರಿಲ್ 19ರಂದು ಸೋವಿಯತ್ ಒಕ್ಕೂಟದ ಕಪುಸ್ಟಿನ್ ಯಾರ್‌ನಿಂದ, ಅವರ ರಾಕೆಟ್ಟಿನಲ್ಲಿ, 360 ಕಿಲೋ ತೂಕದ ಅದು ಹಾರಿತು. ಇಷ್ಟನ್ನು ನಾನೂ ಚಿಕ್ಕಂದಿನಲ್ಲಿ ಉರು ಹೊಡೆದಿದ್ದೆ. ಹೇಳದೆ ಬಿಟ್ಟದ್ದನ್ನು ತಿಳಿದದ್ದು ನಲವತ್ತು ದಾಟಿದ ಮೇಲೆ: ಐದು ದಿನ ಕಳೆಯುವಷ್ಟರಲ್ಲಿ ವಿದ್ಯುತ್ ಪೂರೈಕೆಯ ದೋಷದಿಂದ ಅದರ ವೈಜ್ಞಾನಿಕ ಪ್ರಯೋಗಗಳು ನಿಂತುಹೋದವು. ಉಪಗ್ರಹ ಮಾತ್ರ ಆಮೇಲೂ ವರ್ಷಗಟ್ಟಲೆ ಸಂಕೇತ ಕಳಿಸುತ್ತಿತ್ತು. ಪ್ರಯೋಗ ಅರ್ಧಕ್ಕೆ ನಿಂತ ಉಪಗ್ರಹವನ್ನು ಈ ದೇಶ ತನ್ನ ನೋಟಿನ ಮೇಲೆ ಅಚ್ಚು ಹಾಕಿಸಿತು. ಆ ನೋಟನ್ನು ಕೈಯಲ್ಲಿ ಹಿಡಿದು ಇದನ್ನು ಹೇಳುವಾಗ ನನ್ನ ದನಿ ನಡುಗಿತು. ಯಾಕೆಂದು ಮಕ್ಕಳಿಗೆ ತಿಳಿಯಿತೋ ಇಲ್ಲವೋ.

ಎತ್ತಿನ ಗಾಡಿಯ ಫೋಟೋ ವಿಷಯದಲ್ಲೂ ಒಂದು ಮಾತು ಹೇಳಬೇಕು. ಆಪಲ್ ಉಪಗ್ರಹವನ್ನು ಎತ್ತಿನ ಗಾಡಿಯ ಮೇಲಿಟ್ಟ ಆ ಚಿತ್ರ ನಮ್ಮ ಊರಿನ ಎಲ್ಲರ ಮೊಬೈಲಿಗೂ ಬಂದಿದೆ. "ನೋಡಿ, ಬಡತನದಲ್ಲಿ ಹೇಗೆ ಕಷ್ಟಪಟ್ಟರು" ಎಂಬ ಒಕ್ಕಣೆ ಅದರ ಜೊತೆ. ಓದಿ ಕಣ್ಣು ತೇವವಾಗುವುದು ನಿಜ, ಆದರೆ ಆ ಒಕ್ಕಣೆ ಭೌತಶಾಸ್ತ್ರವನ್ನು ಮುಚ್ಚಿಬಿಡುತ್ತದೆ. ಉಪಗ್ರಹದ ಆಂಟೆನಾ ಪರೀಕ್ಷೆಗೆ ಸುತ್ತ ಲೋಹವಿಲ್ಲದ ಬಯಲು ಬೇಕಿತ್ತು. ಲೋಹದ ಮೈಯಿರುವ ಲಾರಿಯ ಮೇಲಿಟ್ಟರೆ ರೇಡಿಯೋ ಅಲೆ ಅದಕ್ಕೆ ಬಡಿದು ತಿರುಗಿ ಅಳತೆ ಕೆಡುತ್ತದೆ. ಮರದ ಗಾಡಿ ಆ ಕೆಲಸಕ್ಕೆ ತಕ್ಕ ಉಪಕರಣ. ಇಷ್ಟು ಹೇಳಿದ್ದೇ ತಡ, "ಗಾಡಿ ಅಚ್ಚು ಕಬ್ಬಿಣದ್ದಲ್ವಾ ಮೇಡಂ, ಅದೇನ್ ಮಾಡಲ್ವಾ?" ಎಂದು ಗಾಡಿ ಹೊಡೆಯುವ ಮನೆಯ ಹುಡುಗಿ ಕೇಳಿದಳು. ಲಾರಿಯ ಮೈಗೆ ಹೋಲಿಸಿದರೆ ಅದು ಎಷ್ಟು, ಉಪಗ್ರಹದಿಂದ ಎಷ್ಟು ಕೆಳಗೆ ಎಂದು ಅರ್ಧ ಗಂಟೆ ಚರ್ಚೆಯಾಯಿತು. 1981ರ ಜೂನ್ 19ರಂದು ಆಪಲ್ ಹಾರಿದ ಮೇಲೆ ಅದರ ಎರಡು ಸೌರಫಲಕಗಳಲ್ಲಿ ಒಂದು ಬಿಚ್ಚಿಕೊಳ್ಳಲಿಲ್ಲ. ಹಾಗಿದ್ದೂ ಒಂದೇ ರೆಕ್ಕೆಯಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಅದನ್ನು ದುಡಿಸಿಕೊಂಡರು.

ಇಷ್ಟರವರೆಗೆ ನಾನು ಓದಿದ್ದರಲ್ಲಿ, ಕೇಳಿದ್ದರಲ್ಲಿ ಪಾಠ ಸಾಗಿತು. ಮುಂದೆ ಭಾಷೆ ಅಡ್ಡಬಂತು.

2021ರ ಆಗಸ್ಟ್ 12ರಂದು ಜಿಎಸ್‌ಎಲ್‌ವಿ-ಎಫ್10ರ ಕ್ರಯೋಜೆನಿಕ್ ಹಂತ (ಅತಿ ಶೀತಲ ದ್ರವ ಇಂಧನ ಉರಿಸುವ ಭಾಗ) ಹೊತ್ತಿಕೊಳ್ಳದೆ ಇಒಎಸ್-03 ಉಪಗ್ರಹ ನಷ್ಟವಾಯಿತು. ಅದರ ತನಿಖೆಯ ಸಾರಾಂಶವನ್ನು ನಿಮ್ಮ ಸಂಸ್ಥೆ ಇಂಗ್ಲಿಷಿನಲ್ಲಿ ಪ್ರಕಟಿಸಿತ್ತು. ಅದನ್ನು ಮೊಬೈಲಿನಲ್ಲಿ ತೆರೆದು, ಎರಡು ಭಾನುವಾರ ಕೂತು ಕನ್ನಡಕ್ಕೆ ತಂದೆ. ದ್ರವ ಜಲಜನಕದ ಟ್ಯಾಂಕಿನ ಒತ್ತಡ ಇರಬೇಕಾದ್ದಕ್ಕಿಂತ ಕಡಿಮೆಯಾಗಿತ್ತು. ಕಾರಣ, ಟ್ಯಾಂಕಿನ ಒತ್ತಡ ಹದ ಮಾಡುವ ಕವಾಟದ ಮೆತ್ತನೆಯ ಸೀಲು ಹಾಳಾಗಿ ಸೋರಿಕೆಯಾಗಿತ್ತು. ಒತ್ತಡ ಸಾಲದೆ ಇಂಧನ ಎಳೆದುಕೊಡುವ ಪಂಪು ಕೆಲಸ ಕೆಡಿಸಿತು. "ಸಾಫ್ಟ್ ಸೀಲ್" ಎಂಬುದಕ್ಕೆ ಏನು ಬರೆಯಲಿ ಎಂದು ಕ್ಲಾಸಿನಲ್ಲೇ ಕೇಳಿದೆ. "ವೈಸರ್ ಅನ್ನಿ ಮೇಡಂ" ಎಂದರು. ನಲ್ಲಿಯ ವೈಸರ್ ಸವೆದರೆ ಏನಾಗುತ್ತದೆಂದು ಯಾರಿಗೆ ಗೊತ್ತಿಲ್ಲ? ಆ ಹುಡುಗ ಮಾತ್ರ ಮತ್ತೆ ತನ್ನ ಬಾವಿಗೇ ಬಂದ: "ಪೈಪಲ್ಲಿ ನೀರಿಳ್ದಿರೋ ಮೋಟರ್‌ನಂಗೇ ಇದೂವೆ." ಪಂಪಿನ ಬಾಯಿಗೆ ತಕ್ಕಷ್ಟು ಒತ್ತಡದಲ್ಲಿ ದ್ರವ ಸಿಗದಿದ್ದರೆ ಪಂಪು ಎಳೆಯುವುದಿಲ್ಲ ಎಂಬ ಸೂತ್ರವನ್ನು, ಶೂನ್ಯಕ್ಕಿಂತ 253 ಡಿಗ್ರಿ ಕೆಳಗಿನ ಜಲಜನಕಕ್ಕೂ ಅವರಪ್ಪನ ಬಾವಿಗೂ ಸೇರಿಸಿ ಅವನೇ ಹೇಳಿದ್ದ. ಕನ್ನಡದಲ್ಲಿ ತಾಂತ್ರಿಕ ವಿಷಯ ಬರೆಯಲು ಪದಗಳಿಲ್ಲ ಎನ್ನುವವರನ್ನು ನಾನು ಬಹಳ ಕಂಡಿದ್ದೇನೆ. ಪದಗಳಿವೆ. ಹೊಲದಲ್ಲಿ, ಗ್ಯಾರೇಜಿನಲ್ಲಿ, ಆಲೆಮನೆಯಲ್ಲಿ ಇವೆ. ಅವನ್ನು ಬಲ್ಲವರನ್ನು ಯಾರೂ ಕೇಳಿಲ್ಲ.

ಇದೇ ಕ್ರಯೋಜೆನಿಕ್ ಎಂಜಿನ್ನಿಗೆ ನಿಮ್ಮವರು ಪಟ್ಟ ಪಾಡು ನನಗೆ ಗೊತ್ತು. ರಷ್ಯಾದ ಬಾಹ್ಯಾಕಾಶ ಸಂಸ್ಥೆ ಗ್ಲಾವ್‌ಕಾಸ್ಮಾಸ್ ಜೊತೆಗಿನ ಒಪ್ಪಂದದಲ್ಲಿದ್ದ ತಂತ್ರಜ್ಞಾನ ವರ್ಗಾವಣೆ 1993ರಲ್ಲಿ ಅಮೆರಿಕದ ಒತ್ತಡದಿಂದ ತಪ್ಪಿಹೋಯಿತು. ನಾವೇ ಮಾಡಿದ ಎಂಜಿನ್ 2010ರ ಏಪ್ರಿಲ್ 15ರಂದು ಮೊದಲ ಸಲ ಹಾರಿ ಸೋತಿತು. 2013ರ ಆಗಸ್ಟಿನಲ್ಲಿ ಮತ್ತೆ ಎಲ್ಲ ಸಿದ್ಧವಾಗಿ, ಹೊರಡಲು 74 ನಿಮಿಷ ಇರುವಾಗ ಸೋರಿಕೆ ಕಂಡು ಉಡಾವಣೆಯನ್ನೇ ನಿಲ್ಲಿಸಿದರು. ಇಡೀ ದೇಶ ಟಿವಿ ಮುಂದೆ ಕೂತಿರುವಾಗ "ಇವತ್ತು ಬೇಡ" ಎನ್ನಲು ಎಂಥ ಗಟ್ಟಿ ಎದೆ ಬೇಕು. 2014ರ ಜನವರಿ 5ರಂದು ಅದೇ ಜಿಎಸ್‌ಎಲ್‌ವಿ-ಡಿ5 ಗೆದ್ದಿತು. 1979ರಲ್ಲಿ ಸೋರಿಕೆಯೊಂದಿಗೇ ಹೊರಟ ರಾಕೆಟ್ಟಿಗೂ, 2013ರಲ್ಲಿ ಸೋರಿಕೆ ಕಂಡು ನಿಂತ ರಾಕೆಟ್ಟಿಗೂ ನಡುವೆ 34 ವರ್ಷ. ನನ್ನ ಲೆಕ್ಕದಲ್ಲಿ ಇಸ್ರೋ ಚರಿತ್ರೆ ಎಂದರೆ ಆ 34 ವರ್ಷದಲ್ಲಿ ನಿಮ್ಮವರು ಕಲಿತದ್ದು. ಅದನ್ನು ಯಾವ ರಸಪ್ರಶ್ನೆಯಲ್ಲೂ ಕೇಳುವುದಿಲ್ಲ.

ಶ್ರೀರಂಗಪಟ್ಟಣ ನಮಗೆ ಕೂಗಳತೆಯಲ್ಲಿದೆ. ರಾಕೆಟ್ ಎಂದೊಡನೆ ಇಲ್ಲಿ ಎಲ್ಲರೂ ಎದೆಯುಬ್ಬಿಸುವುದು ಹೈದರ್, ಟಿಪ್ಪು ಕಾಲದ ಕಬ್ಬಿಣದ ಕೊಳವೆಯ ಬಾಣಗಳನ್ನು ನೆನೆದು. ನಾನೂ ಪ್ರವಾಸಕ್ಕೆ ಮಕ್ಕಳನ್ನು ಕರೆದುಕೊಂಡು ಹೋದಾಗ ಅದನ್ನೇ ಹೇಳಿದ್ದೇನೆ. 1780ರ ಪೊಳ್ಳಿಲೂರಿನ ಯುದ್ಧದಲ್ಲಿ ಅವು ಇಂಗ್ಲಿಷರ ಸೇನೆಯನ್ನು ತತ್ತರಿಸುವಂತೆ ಮಾಡಿದ್ದು ನಿಜ. ಆದರೆ ಆ ಬಾಣದಿಂದ ಇಸ್ರೋವರೆಗೆ ನೇರ ಗೆರೆ ಎಳೆಯುವವರನ್ನು ನಾನು ಒಪ್ಪುವುದಿಲ್ಲ. ನಡುವೆ ಗೆರೆ ಕಡಿದುಹೋಗಿದೆ. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಸಿಕ್ಕ ಬಾಣಗಳನ್ನು ಇಂಗ್ಲೆಂಡಿನ ವುಲಿಚ್‌ಗೆ ಸಾಗಿಸಿದರು. ವಿಲಿಯಂ ಕಾಂಗ್ರೀವ್ ಅವನ್ನು ಬಿಚ್ಚಿ ನೋಡಿ, ಅಳೆದು, ಸುಟ್ಟು ನೋಡಿ, ತಪ್ಪುಒಪ್ಪು ಬರೆದಿಟ್ಟು ತನ್ನ ರಾಕೆಟ್ಟು ಮಾಡಿದ. ಇಲ್ಲಿ ಆ ಕೊಳವೆ ಬಡಿದ ಕಮ್ಮಾರ ಯಾರು, ಮದ್ದು ಹದ ಮಾಡಿದವನು ಯಾರು, ಎಷ್ಟು ಕೊಳವೆ ಒಡೆದ ಮೇಲೆ ಕಬ್ಬಿಣದ ದಪ್ಪ ಇಷ್ಟಿರಬೇಕೆಂದು ಅವನಿಗೆ ತಿಳಿಯಿತು, ಒಂದೂ ನಮ್ಮ ಕೈಗೆ ಬಂದಿಲ್ಲ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನ ಹಾಳುಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ಅಂಥ ಕೊಳವೆಗಳು ಸಿಕ್ಕವು. ವಸ್ತು ಬಾವಿಯಿಂದ ಮೇಲೆ ಬಂತು, ಅದರ ಲೆಕ್ಕದ ಪುಸ್ತಕ ಬರಲಿಲ್ಲ. ನಮ್ಮ ನಾಡಿನಲ್ಲಿ ಒಮ್ಮೆ ಹೀಗಾಗಿದೆ ಎಂಬ ಕಾರಣಕ್ಕೇ ನಾನು ಇಷ್ಟು ಒತ್ತಿ ಕೇಳುತ್ತಿರುವುದು.

ಚಂದ್ರಯಾನದ ಪಾಠಕ್ಕೆ ನಾಲ್ಕು ಶನಿವಾರ ಬೇಕಾಯಿತು. ಮೊದಲನೆಯ ಚಂದ್ರಯಾನ 2008ರ ಅಕ್ಟೋಬರ್ 22ರಂದು ಹೊರಟು, ಎರಡು ವರ್ಷದ ಬದಲು ಹತ್ತು ತಿಂಗಳಿಗೇ ಮಾತು ನಿಲ್ಲಿಸಿತು. ಅಷ್ಟರಲ್ಲಿ ಚಂದ್ರನ ಮಣ್ಣಿನಲ್ಲಿ ನೀರಿನ ಕುರುಹು ತೋರಿಸಿತ್ತು. ಅದನ್ನು ಬೇಗ ಮುಗಿಸಿ ಎರಡನೆಯದಕ್ಕೆ ಬಂದೆವು. 2019ರ ಸೆಪ್ಟೆಂಬರ್ 7ರ ನಡುರಾತ್ರಿ, ಚಂದ್ರನಿಂದ 2.1 ಕಿಲೋಮೀಟರ್ ಎತ್ತರದವರೆಗೆ ಸರಿಯಾಗಿತ್ತು, ಆಮೇಲೆ ಸಂಪರ್ಕ ತಪ್ಪಿತು ಎಂದು ಅಂದು ಪ್ರಕಟಿಸಿದರು. ಅಂದಿನ ಅಧ್ಯಕ್ಷ ಕೆ. ಸಿವನ್ ಅವರ ಕಣ್ಣೀರನ್ನು ದೇಶವೆಲ್ಲ ನೋಡಿತು. ಅವರು ರೈತನ ಮಗ, ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ತಮಿಳು ಮಾಧ್ಯಮದಲ್ಲಿ ಓದಿದವರು ಎಂದು ನಮ್ಮ ಮಕ್ಕಳಿಗೆ ಹೇಳಿದಾಗ ಅವರಿಗೆ ನಂಬಿಕೆಯೇ ಬರಲಿಲ್ಲ.

ಅವರ ನಂತರ ಬಂದ ಎಸ್. ಸೋಮನಾಥ್ ಅವರು ಕಾರಣಗಳನ್ನು ಸಾರ್ವಜನಿಕವಾಗಿ ಹೇಳಿದ್ದು ನನಗೆ ದೊಡ್ಡ ಉಪಕಾರ. ವೇಗ ತಗ್ಗಿಸಲು ಇದ್ದ ಐದು ಎಂಜಿನ್‌ಗಳು ಎಣಿಸಿದ್ದಕ್ಕಿಂತ ಹೆಚ್ಚು ಬಲ ಕೊಟ್ಟವು. ತಪ್ಪು ಕೂಡಿಕೊಂಡು ಕೂಡಿಕೊಂಡು ದೊಡ್ಡದಾಯಿತು. ಸರಿಪಡಿಸಿಕೊಳ್ಳಲು ನೌಕೆ ಬೇಗ ತಿರುಗಬೇಕಿತ್ತು, ಅಷ್ಟು ಬೇಗ ತಿರುಗಲು ಅದರ ಸಾಫ್ಟ್‌ವೇರಿನಲ್ಲಿ ಅವಕಾಶವಿರಲಿಲ್ಲ. ಇಳಿಯಬೇಕಾದ ಜಾಗವೋ 500 ಮೀಟರ್ ಉದ್ದ, 500 ಮೀಟರ್ ಅಗಲ. ಅಲ್ಲಿಗೇ ಹೋಗಿ ಮುಟ್ಟಬೇಕೆಂಬ ಹಟದಲ್ಲಿ ವೇಗ ಹೆಚ್ಚಿಸಿಕೊಂಡಿತು. ಮೂರನೆಯ ಚಂದ್ರಯಾನದಲ್ಲಿ ಆ ಜಾಗವನ್ನು 4 ಕಿಲೋಮೀಟರಿಗೆ ಸುಮಾರು 2.5 ಕಿಲೋಮೀಟರ್ ಮಾಡಿದರು. ಎಂಜಿನ್ ನಾಲ್ಕಕ್ಕೆ ಇಳಿಸಿದರು. ಕಾಲುಗಳನ್ನು ಗಟ್ಟಿ ಮಾಡಿದರು, ಇಂಧನ ಹೆಚ್ಚಿಸಿದರು, ವೇಗವನ್ನು ನೇರವಾಗಿ ಅಳೆಯುವ ಲೇಸರ್ ಉಪಕರಣ ಕೂರಿಸಿದರು. ಏನೇನು ಸರಿಹೋದರೆ ಗೆಲ್ಲುತ್ತೇವೆ ಎಂದು ಕಟ್ಟುವುದನ್ನು ಬಿಟ್ಟು, ಏನೇನು ಕೆಟ್ಟರೂ ಇಳಿಯಬೇಕು ಎಂದು ಕಟ್ಟಿದರು.

ಶಾಲೆಯ ಬಯಲಿಗೆ ಹೋಗಿ ಸುಣ್ಣದಲ್ಲಿ ಇದನ್ನು ಬರೆದು ನೋಡಿದೆವು, ನೂರಕ್ಕೊಂದು ಪ್ರಮಾಣದಲ್ಲಿ. ಚಂದ್ರಯಾನ-2ರ ಜಾಗ ಐದು ಮೀಟರಿನ ಚೌಕ, ಕಬಡ್ಡಿ ಅಂಕಣದ ಅರ್ಧವೂ ಇಲ್ಲ. ಮೂರನೆಯದರ ಜಾಗ 40 ಮೀಟರಿಗೆ 25 ಮೀಟರ್. ಅದನ್ನು ಎಳೆಯಲು ಹೋಗಿ ಸುಣ್ಣ ಮುಗಿದುಹೋಯಿತು. ಆ ಎರಡು ಚೌಕಗಳ ನಡುವೆ ನಿಂತು ಹುಡುಗ ಬಹಳ ಹೊತ್ತು ಏನೂ ಮಾತಾಡಲಿಲ್ಲ. ಮರುವಾರ ತನ್ನ ಅಣ್ಣನನ್ನು ಕರೆತಂದು ಹಿಂದಿನ ಬೆಂಚಿನಲ್ಲಿ ಕೂರಿಸಿದ.

ಪಾಠ ಮುಗಿದ ಮೇಲೆ ಅಣ್ಣನಿಗೆ ಗಣಿತದ ಒಂದು ಪತ್ರಿಕೆ ಕೊಟ್ಟು, ಮನೆಯಲ್ಲಿ ಮಾಡಿಕೊಂಡು ಬಾ ಎಂದೆ. ಹತ್ತು ದಿನ ಬಿಟ್ಟು ತಂದುಕೊಟ್ಟ, ಹಾಳೆಯ ಅಂಚಿಗೆ ಬೆಲ್ಲದ ಜಿಗುಟು. ಅಂಕ ಹಾಕಲಿಲ್ಲ. ಒಂದೊಂದು ಹೆಜ್ಜೆಯನ್ನೂ ನೋಡುತ್ತ ಹೋದೆ. ಹದಿನಾಲ್ಕು ತಪ್ಪುಗಳಲ್ಲಿ ಹನ್ನೊಂದು ಒಂದೇ ತಪ್ಪು: ಸಮ ಚಿಹ್ನೆ ದಾಟಿಸುವಾಗ ಕೂಡುವುದನ್ನು ಕಳೆಯುವುದಾಗಿ ಬದಲಿಸುತ್ತಿರಲಿಲ್ಲ. ಮಿಕ್ಕ ಗಣಿತವೆಲ್ಲ ಅವನಿಗೆ ಬರುತ್ತಿತ್ತು. ಒಂದು ವೈಸರ್! ಹತ್ತನೇ ತರಗತಿಯ ಇಡೀ ವರ್ಷ ಆ ಹುಡುಗನನ್ನು ದಿನಾ ನೋಡಿದ ನಾನು ಅದನ್ನು ಕಂಡಿರಲಿಲ್ಲ. ಅವನು ಪರೀಕ್ಷೆ ಕಟ್ಟುತ್ತಾನೋ ಇಲ್ಲವೋ ಹೇಳಲಾರೆ. ಮನೆಯ ಖರ್ಚು ಅವನ ಕೂಲಿಯ ಮೇಲೆ ನಿಂತಿದೆ. ಕಾರಣ ಗೊತ್ತಾಯಿತಲ್ಲ ಮೇಡಂ, ಅಷ್ಟು ಸಾಕು ಎಂದ. ನನಗೆ ಸಾಲದು.

ಸಹೋದ್ಯೋಗಿಯೊಬ್ಬರು ನನ್ನ ಈ ಪಾಠಕ್ಕೆ ಆಕ್ಷೇಪಿಸಿದರು. ದೇಶದ ಹೆಮ್ಮೆಯ ಸಂಸ್ಥೆಯ ಸೋಲುಗಳನ್ನು ಮಕ್ಕಳ ಮುಂದೆ ಹರವಿದರೆ ಅಭಿಮಾನ ಕಡಿಮೆಯಾಗುತ್ತದೆ ಎಂದರು. ಅವರು ಒಳ್ಳೆಯ ಮೇಷ್ಟ್ರು, ಅವರ ಆತಂಕವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಕ್ಲಾಸಿನಲ್ಲಿ ಕಂಡದ್ದು ಬೇರೆ. ಗೆದ್ದ ದಿನ ಚಪ್ಪಾಳೆ ಹೊಡೆದವರು ಮರುದಿನ ಮರೆತರು. ಕವಾಟದ ಕಥೆ ಕೇಳಿದವರು ಮನೆಗೆ ಹೋಗಿ ಅಪ್ಪಂದಿರಿಗೆ ಹೇಳಿದರು. ಪಿಎಸ್‌ಎಲ್‌ವಿ ರಾಕೆಟ್ಟು 1993ರ ಸೆಪ್ಟೆಂಬರ್ 20ರ ತನ್ನ ಮೊದಲ ಹಾರಾಟದಲ್ಲೇ ಸಾಫ್ಟ್‌ವೇರ್ ತಪ್ಪಿನಿಂದ ಬಿದ್ದಿತ್ತು ಎಂದು ತಿಳಿದ ಮೇಲೆ, ಅದೇ ಪಿಎಸ್‌ಎಲ್‌ವಿ ಚಂದ್ರನಿಗೂ ಮಂಗಳನಿಗೂ ನೌಕೆ ಹೊತ್ತದ್ದು ಅವರಿಗೆ ಇನ್ನಷ್ಟು ತಮ್ಮದೆನಿಸಿತು.

2025ರ ಮೇ 18ರಂದು ಪಿಎಸ್‌ಎಲ್‌ವಿ-ಸಿ61ರ ಮೂರನೇ ಹಂತದಲ್ಲಿ ಒತ್ತಡ ಕುಸಿದು ಇಒಎಸ್-09 ಉಪಗ್ರಹ ಕಕ್ಷೆ ಸೇರಲಿಲ್ಲ. ಅಂದು ನಾನು ನಿವೃತ್ತಳಾಗಿ ಮನೆಯಲ್ಲಿದ್ದೆ. ಬೆಳಗ್ಗೆ ಎಂಟು ಗಂಟೆಗೆ ಮೂವರು ಹಳೆಯ ವಿದ್ಯಾರ್ಥಿಗಳು ಫೋನ್ ಮಾಡಿದರು, ಮೂವರದೂ ಒಂದೇ ಪ್ರಶ್ನೆ. ದಯವಿಟ್ಟು ನಮ್ಮ ಪುಸ್ತಕವನ್ನು ಅಲ್ಲಿಂದಲೇ ಶುರು ಮಾಡಿ. ಹಳೆಯ ಸೋಲನ್ನು ಹೇಳುವುದು ಸುಲಭ, ಗೆಲುವು ಅದನ್ನು ಮುಚ್ಚಿರುತ್ತದೆ. ಗಾಯ ಹಸಿಯಾಗಿರುವಾಗಲೇ ಕಾರಣ ಹೇಳುವುದನ್ನು ಮಕ್ಕಳು ನಿಮ್ಮಿಂದ ಕಲಿಯಬೇಕು.

ಬರೆಯಲು ಜನ ದೂರವಿಲ್ಲ. ಹಾಸನದ ಮುಖ್ಯ ನಿಯಂತ್ರಣ ಕೇಂದ್ರದಲ್ಲಿ 1980ರ ದಶಕದಿಂದ ದುಡಿದವರಿದ್ದಾರೆ. ಪೀಣ್ಯದಲ್ಲಿ ಲೇತು ತಿರುಗಿಸಿದವರು, ಬೆಸುಗೆ ಹಾಕಿದವರಿದ್ದಾರೆ. ಬಿಡದಿಯಿಂದ ಅಷ್ಟೇನೂ ದೂರವಿಲ್ಲದ ಬ್ಯಾಲಾಳುವಿನಲ್ಲಿ 32 ಮೀಟರಿನ ಆಂಟೆನಾ ಮೂಲಕ ಚಂದ್ರನ ಮಾತು ಕೇಳಿಸಿಕೊಂಡವರಿದ್ದಾರೆ. 1984ರಲ್ಲಿ ರಾಕೇಶ್ ಶರ್ಮಾ ಜೊತೆ ಬಾಹ್ಯಾಕಾಶಕ್ಕೆ ಹೋದ ತಿನಿಸು ತಯಾರಾದದ್ದು ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯದಲ್ಲಿ. ಹಲವರು ನಿವೃತ್ತರು, ವಯಸ್ಸಾಗಿದೆ. ಅವರಲ್ಲಿ ಕನ್ನಡ ಬಲ್ಲವರನ್ನು ಕೂರಿಸಿ ಕೇಳಿ: ಯಾವುದು ಕೆಟ್ಟಿತ್ತು, ಹೇಗೆ ಗೊತ್ತಾಯಿತು, ಏನು ಮಾಡಿದಿರಿ? ಅವರು ಹೇಳುವ ಮಾತಿನಲ್ಲೇ ಬರೆದುಕೊಳ್ಳಿ. ಚಿತ್ರ ಹಾಕಿಸಿ. ಬೆಲೆ ಕಡಿಮೆ ಇರಲಿ, ಅಥವಾ ಮೊಬೈಲಿನಲ್ಲಿ ಉಚಿತವಾಗಿ ಸಿಗುವಂತಿರಲಿ. ಗ್ರಂಥಾಲಯದ ಬೀರುವಿನಲ್ಲಿ ಬೀಗ ಹಾಕಿಡುವ ದೊಡ್ಡ ಪುಸ್ತಕ ಬೇಡ.

ಈ ಪತ್ರದ ಜೊತೆ ಇನ್ನೂರು ಪುಟದ ಒಂದು ನೋಟ್‌ಬುಕ್ಕಿನ ನಕಲು ಕಳಿಸಿದ್ದೇನೆ. ಜಿಎಸ್‌ಎಲ್‌ವಿ-ಎಫ್10 ತನಿಖೆಯ ನನ್ನ ಅನುವಾದ ಅದರಲ್ಲಿದೆ. ಉಳಿದ ಪುಟಗಳಲ್ಲಿ ಮಕ್ಕಳು ಬರೆದ ಪ್ರಶ್ನೆಗಳು, ಚಿತ್ರಗಳಿವೆ. ನಾನು ಎಂಜಿನಿಯರ್ ಅಲ್ಲ, ತಪ್ಪುಗಳಿರುತ್ತವೆ. ನಿಮ್ಮಲ್ಲಿ ಯಾರಾದರೂ ಬಿಡುವು ಮಾಡಿಕೊಂಡು ತಿದ್ದಿ ಕಳಿಸಿದರೆ ಮುಂದಿನ ವರ್ಷದ ಮಕ್ಕಳಿಗೆ ಸರಿಯಾದದ್ದನ್ನು ಕೊಡಬಹುದು. ಪಾಠವನ್ನು ಈಗ ನಡೆಸುತ್ತಿರುವ ಹೊಸ ಶಿಕ್ಷಕಿ ಕಾಯುತ್ತಿದ್ದಾರೆ. ಬರೀ ಸರಿ, ತಪ್ಪು ಗುರುತು ಹಾಕಿ ಬಿಡಬೇಡಿ, ಯಾಕೆ ತಪ್ಪು ಎಂದು ಪಕ್ಕದಲ್ಲಿ ಬರೆಯಿರಿ. ಹದಿನಾಲ್ಕನೇ ಪುಟದಲ್ಲಿ ನನ್ನ ಅಕ್ಷರದ ಮೇಲೆ ಪೆನ್ಸಿಲಿನಲ್ಲಿ "ಫುಟ್‌ವಾಲ್ವ್" ಎಂದು ಬೇರೆ ಅಕ್ಷರದಲ್ಲಿ ಬರೆದಿದೆ. ಅದನ್ನು ಮಾತ್ರ ಹಾಗೇ ಬಿಡಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಶಿಕ್ಷಕಿ,
ಪಾಂಡವಪುರ ತಾಲ್ಲೂಕು, ಮಂಡ್ಯ ಜಿಲ್ಲೆ